ಬೀದಿಯ ಚಿತ್ರಕ್ಕೆಂದು 70-200 ಲೆನ್ಸ್ ಕೊಳ್ಳುವ ಮುನ್ನ

ಕ್ರಾಪ್ ಸೆನ್ಸರಿನ (ಅಂದರೆ ಫುಲ್ ಫ್ರೇಮಿಗಿಂತ ಸಣ್ಣ ಸೆನ್ಸರಿನ) ಕ್ಯಾಮೆರಾ ಇಟ್ಟುಕೊಂಡು ಬೆಂಗಳೂರಿನ ಪೇಟೆಬೀದಿಗಳಲ್ಲಿ ಜನರ ಸಹಜ ಚಿತ್ರಗಳನ್ನು ತೆಗೆಯಬೇಕೆಂದು ಹೊರಟಿರುವವರು ದೂರದ್ದನ್ನು ಹತ್ತಿರ ತೋರಿಸುವ 70-200 ಮಿ.ಮೀ. ಝೂಮ್ ಲೆನ್ಸಿಗೆ ಹಣ ಕೊಡುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ಆ ತಪ್ಪನ್ನು ನಾನು ಮಾಡಿದ್ದೇನೆ. ಅದರಿಂದ ನನ್ನ 30,000 ರೂಪಾಯಿ ಹೋಯಿತು; ಅದಕ್ಕಿಂತ ಹೆಚ್ಚು ನೋವಾಗುವುದು ವ್ಯರ್ಥವಾದ ಐದು ತಿಂಗಳ ಮುಂಜಾವುಗಳನ್ನು ನೆನೆದಾಗ.

ಆಗ ನನ್ನಲ್ಲಿದ್ದುದು ಕ್ಯಾನನ್ ಕ್ಯಾಮೆರಾದ ಜೊತೆಗೇ ಬಂದ 18-55 ಕಿಟ್ ಲೆನ್ಸ್ ಮಾತ್ರ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಸಾಮಾನು ಮಾರುವ ಅಂಗಡಿಯೊಂದಕ್ಕೆ ಹೋಗಿ, ಜನರಿಗೆ ಗೊತ್ತಾಗದಂತೆ ಚಿತ್ರ ತೆಗೆಯಲು ಯಾವ ಲೆನ್ಸ್ ಒಳ್ಳೆಯದೆಂದು ಕೇಳಿದೆ. ‘ಗೊತ್ತಾಗದಂತೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಅಂಗಡಿಯವರು ಕಪಾಟಿನಿಂದ ಬಿಳಿ ಬಣ್ಣದ 70-200 ಎಫ್ 2.8 ಲೆನ್ಸನ್ನು ತೆಗೆದು ಮುಂದಿಟ್ಟರು (ಎಫ್ ಸಂಖ್ಯೆ ಸಣ್ಣದಾದಷ್ಟೂ ಒಳಬರುವ ಬೆಳಕು ಹೆಚ್ಚು, ಹಿನ್ನೆಲೆಯ ಮಸುಕೂ ಹೆಚ್ಚು). “ರಸ್ತೆ ಆ ಕಡೆ ನಿಂತ್ಕೊಂಡು ಹೊಡೀರಿ ಸಾರ್, ಯಾರಿಗೂ ಗೊತ್ತಾಗಲ್ಲ. ಕತ್ತಲಲ್ಲೂ ಬರುತ್ತೆ, ಸ್ಟೆಬಿಲೈಸರ್ ಇದೆ” ಎಂದರು. ನಾನು ಎಲ್ಲಿ, ಎಷ್ಟು ಅಗಲದ ಬೀದಿಯಲ್ಲಿ ಚಿತ್ರ ತೆಗೆಯುತ್ತೇನೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. 68,000 ರೂಪಾಯಿ ಕೊಟ್ಟು ಮನೆಗೆ ತಂದೆ.

ಮೊದಲ ಭಾನುವಾರ ಬೆಳಗಿನ ಜಾವ ಐದೂವರೆಗೆ ಕೆ.ಆರ್. ಮಾರುಕಟ್ಟೆಗೆ ಹೋದೆ. ಹೂವಿನ ಮೂಟೆಗಳು ಇಳಿಯುವ, ಸೇವಂತಿಗೆ ಮತ್ತು ಕನಕಾಂಬರದ ರಾಶಿಗಳ ನಡುವೆ ಕಾಲಿಡಲು ಜಾಗವಿಲ್ಲದ ಹೊತ್ತು ಅದು. ಸುಮಾರು ಒಂದೂವರೆ ಕೆ.ಜಿ. ತೂಕದ ಆ ಬಿಳಿಯ ಕೊಳವೆಯನ್ನು ಕಣ್ಣಿಗೆ ಹಿಡಿದ ಅರ್ಧ ನಿಮಿಷದೊಳಗೆ ಸುತ್ತಲಿನವರೆಲ್ಲ ನನ್ನತ್ತ ನೋಡತೊಡಗಿದರು. ಮಾಲೆ ಕಟ್ಟುತ್ತಿದ್ದ ಹೆಂಗಸೊಬ್ಬರು ಸೆರಗನ್ನು ಮುಖಕ್ಕೆ ಎಳೆದುಕೊಂಡರು. ಕಾಲುದಾರಿಯಲ್ಲಿ ಸೊಪ್ಪು ಹರಡಿದ್ದವರೊಬ್ಬರು ನನ್ನನ್ನು ಕಾರ್ಪೊರೇಷನ್ನಿನವನೆಂದು ಭಾವಿಸಿ ಗೋಣಿಯನ್ನು ಮಡಚಲು ಶುರು ಮಾಡಿದರು. ಆ ದೃಶ್ಯವನ್ನು ನಾನು ಇಂದಿಗೂ ಮರೆತಿಲ್ಲ. ದಿನದ ದುಡಿಮೆಗೆ ಕುಳಿತ ಮನುಷ್ಯನಲ್ಲಿ ಭಯ ಹುಟ್ಟಿಸಿದ್ದು ನನ್ನ ಕೈಯಲ್ಲಿದ್ದ ಲೆನ್ಸ್. ಕೊನೆಗೆ ಹೂ ಮಾರುತ್ತಿದ್ದ ಅಜ್ಜಿಯೊಬ್ಬರು, “ಅಷ್ಟು ದೂರದಿಂದ ಯಾಕಪ್ಪ, ಬೇಕಾದ್ರೆ ಹತ್ರ ಬಂದು ತೆಗಿ” ಎಂದರು. ಹತ್ತಿರ ಹೋದರೆ ಅವರ ಮುಖದ ಅರ್ಧ ಭಾಗ ಮಾತ್ರ ಚೌಕಟ್ಟಿನಲ್ಲಿ ಹಿಡಿಸುತ್ತಿತ್ತು.

ಹೀಗಾಗುವುದಕ್ಕೆ ಕಾರಣ ಸರಳವಾದ ಲೆಕ್ಕ, ಅದನ್ನು ಕೊಳ್ಳುವ ಮೊದಲೇ ಮಾಡಬಹುದಿತ್ತು. ಕ್ಯಾನನ್‌ನ ಕ್ರಾಪ್ ಸೆನ್ಸರಿನ ಗುಣಕ 1.6, ಆದ್ದರಿಂದ 70 ಮಿ.ಮೀ. ಲೆನ್ಸ್ ಫುಲ್ ಫ್ರೇಮಿನ (35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡ ಸೆನ್ಸರಿನ) 112 ಮಿ.ಮೀ. ಲೆನ್ಸಿನಷ್ಟು ಕಿರಿದಾದ ನೋಟವನ್ನೇ ಕೊಡುತ್ತದೆ. ಕ್ಯಾಮೆರಾವನ್ನು ಅಡ್ಡವಾಗಿ ಹಿಡಿದು ನಿಂತಿರುವ ವ್ಯಕ್ತಿಯನ್ನು ತಲೆಯಿಂದ ಪಾದದವರೆಗೆ ಸೇರಿಸಬೇಕಾದರೆ, ಝೂಮನ್ನು ಪೂರ್ತಿ ಹಿಂದಕ್ಕೆ ತಂದರೂ, ಸುಮಾರು 8 ಮೀಟರ್ ಅಂದರೆ 26 ಅಡಿ ದೂರ ಬೇಕು. ಚಿಕ್ಕಪೇಟೆಯ ಅಥವಾ ಬಳೇಪೇಟೆಯ ಒಳಗಿನ ಓಣಿಗಳಲ್ಲಿ ಬೆನ್ನು ಗೋಡೆಗೆ ತಾಗಿದರೂ ಅಷ್ಟು ದೂರ ದೊರೆಯುವುದಿಲ್ಲ, ದೊರೆಯುವ ಕಡೆ ನಮ್ಮ ಮತ್ತು ಆ ವ್ಯಕ್ತಿಯ ನಡುವೆ ಕೈಗಾಡಿಗಳು, ಸ್ಕೂಟರುಗಳು, ಮೂಟೆ ಹೊತ್ತವರು ಎಡೆಬಿಡದೆ ಹಾದುಹೋಗುತ್ತಿರುತ್ತಾರೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೂ ಅದನ್ನೇ ಹೊತ್ತುಕೊಂಡು ಹೋಗಿದ್ದೆ. ಬುಲ್ ಟೆಂಪಲ್ ರಸ್ತೆಯ ಆ ಜನಸಾಗರದಲ್ಲಿ ಲೆನ್ಸ್ ಎತ್ತಿ ಹಿಡಿಯಲೂ ಆಗಲಿಲ್ಲ.

ಕತ್ತಲಿನ ವಿಷಯದಲ್ಲೂ ನಾನು ಅರಿಯದೆ ನಂಬಿದೆ. ಸ್ಟೆಬಿಲೈಸರ್ ನಮ್ಮ ಕೈಯ ನಡುಕವನ್ನು ಸರಿಪಡಿಸುತ್ತದೆಯೇ ಹೊರತು ಹೂ ಕಟ್ಟುವ ಬೆರಳುಗಳ ವೇಗವನ್ನಲ್ಲ. ಶಟರಿನ ವೇಗ 1/60 ಸೆಕೆಂಡಿಗೆ ಇಳಿದಾಗ ಕದಲದೆ ಇದ್ದದ್ದು ನಿಚ್ಚಳವಾಗಿ ಬಂದು ಬೆರಳುಗಳು ಕಲಸಿಹೋದ ಚಿತ್ರಗಳು ನನ್ನ ಬಳಿ ನೂರಾರಿವೆ. ಅವಕ್ಕಿಂತ ಹೆಚ್ಚು ನಿರಾಶೆ ತಂದವು ಚೆನ್ನಾಗಿ ಬಂದ ಚಿತ್ರಗಳು. ಎಫ್ 2.8ರಲ್ಲಿ ಹಿನ್ನೆಲೆ ಪೂರ್ತಿ ಕರಗಿ, ಮುಖವೊಂದು ಬಣ್ಣದ ಮಸುಕಿನ ಮುಂದೆ ನಿಂತಿರುತ್ತಿತ್ತು. ತಕ್ಕಡಿಯಿಲ್ಲ, ಬುಟ್ಟಿಯಿಲ್ಲ, ಅಂಗಡಿಯ ಬೋರ್ಡಿಲ್ಲ, ಚೌಕಾಸಿ ಮಾಡುವ ಗಿರಾಕಿಯಿಲ್ಲ. ಮದುವೆಯ ಛತ್ರದಲ್ಲಿ ತೆಗೆದದ್ದೆಂದರೂ ಯಾರೂ ಅನುಮಾನಿಸುತ್ತಿರಲಿಲ್ಲ. ಬೀದಿಯ ಚಿತ್ರದಲ್ಲಿ ಬೀದಿಯೇ ಇರಲಿಲ್ಲ.

ಲೆನ್ಸಿನಲ್ಲಿ ದೋಷವಿತ್ತೆಂದು ನಾನು ಹೇಳುತ್ತಿಲ್ಲ. ಮಾರುಕಟ್ಟೆಯ ಹಳೆಯ ಕಟ್ಟಡದ ಮೇಲಿನ ಮಹಡಿಯಿಂದ ಕೆಳಗಿನ ಹೂವಿನ ರಾಶಿಗಳನ್ನು ತೆಗೆಯಲು ಅದು ಬಹಳ ಚೆನ್ನಾಗಿ ಒದಗಿತು. ಅಂಥ ಒಂದು ಜಾಗಕ್ಕಾಗಿ ಅಷ್ಟು ಹಣ ಕೊಡಬೇಕಿರಲಿಲ್ಲ, ಅಷ್ಟೆ.

ಐದು ತಿಂಗಳ ನಂತರ ಅದೇ ಅಂಗಡಿಗೆ ಮರಳಿಸಲು ಹೋದಾಗ 38,000 ರೂಪಾಯಿಗಿಂತ ಒಂದು ರೂಪಾಯಿಯೂ ಹೆಚ್ಚು ಕೊಡಲು ಒಪ್ಪಲಿಲ್ಲ. ಒಳಗಾಜಿನಲ್ಲಿ ಧೂಳಿದೆ, ಝೂಮ್ ರಿಂಗ್ ಸಡಿಲವಾಗಿದೆ ಎಂದು ಅವರು ಟಾರ್ಚ್ ಹಿಡಿದು ತೋರಿಸಿದ ಎರಡೂ ಕೊರತೆಗಳು ನಾನು ಕೊಂಡ ದಿನವೇ ಇದ್ದವೆಂಬುದು ನನಗೆ ಖಚಿತ, ಆದರೆ ಅದಕ್ಕೆ ನನ್ನಲ್ಲಿ ಆಧಾರವಿರಲಿಲ್ಲ. ಬಳಸಿದ ಲೆನ್ಸ್ ಕೊಳ್ಳುವವರು ದಯವಿಟ್ಟು ಅದರ ಸ್ಥಿತಿಯನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಅಲ್ಲಿಯೇ ಮೊಬೈಲಿನ ಟಾರ್ಚನ್ನು ಹಿಂಬದಿಯಿಂದ ಬೆಳಗಿಸಿ, ಫಂಗಸ್ಸಿನ ಎಳೆಗಳಿವೆಯೇ ಎಂದು ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ.

ಅಷ್ಟಾದ ಮೇಲೂ ನಾನು ಇನ್ನೊಂದು ತಪ್ಪು ಮಾಡಿದೆ. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಹೆನ್ರಿ ಕಾರ್ಟಿಯೆ-ಬ್ರೆಸಾನ್ ತಮ್ಮ ಲೈಕಾ ಕ್ಯಾಮೆರಾದಲ್ಲಿ ಹೆಚ್ಚಾಗಿ 50 ಮಿ.ಮೀ. ಲೆನ್ಸನ್ನೇ ಬಳಸಿದರೆಂದು ಓದಿ 50 ಎಫ್ 1.8 ಕೊಂಡೆ. ಅವರ 50 ಇಡೀ 35 ಮಿ.ಮೀ. ಫಿಲ್ಮಿಗೆ ಸಂಬಂಧಿಸಿದ್ದು, ನನ್ನ ಕ್ಯಾಮೆರಾದಲ್ಲಿ ಅದರ ನೋಟ 80 ಮಿ.ಮೀ. ಲೆನ್ಸಿನಷ್ಟು ಕಿರಿದಾಗುತ್ತದೆ, ಪೂರ್ಣ ವ್ಯಕ್ತಿಗೆ ಸುಮಾರು 19 ಅಡಿ ಬೇಕಾಗುತ್ತದೆ. ಅಗ್ಗದ ಲೆನ್ಸ್ ಆದ್ದರಿಂದ ಈ ಸಲ ನಷ್ಟ ಸಣ್ಣದಾಯಿತು.

ದಾರಿ ತೋರಿದ್ದು ನಾನು ಕಡೆಗಣಿಸಿದ್ದ ಕಿಟ್ ಲೆನ್ಸ್. ಅದರಲ್ಲಿ ಹಿಂದೆ ತೆಗೆದ ಚಿತ್ರಗಳಲ್ಲಿ ನನಗೆ ನಿಜವಾಗಿ ಇಷ್ಟವಾದವನ್ನು ಆರಿಸಿ, ಪ್ರತಿಯೊಂದರ ವಿವರದಲ್ಲಿ ದಾಖಲಾಗಿರುವ ಫೋಕಲ್ ಲೆಂಗ್ತನ್ನು (ಲೆನ್ಸಿನ ಮಿ.ಮೀ. ಸಂಖ್ಯೆಯನ್ನು) ಒಂದು ಹಾಳೆಯಲ್ಲಿ ಬರೆದುಕೊಂಡೆ. ಬಹುಪಾಲು 20ರಿಂದ 28ರ ನಡುವೆ ಇದ್ದವು. ಈಗ ಬಳಸುತ್ತಿರುವುದು 24 ಎಫ್ 2.8 ಲೆನ್ಸ್, ತೂಕ 125 ಗ್ರಾಂ, ಕ್ಯಾಮೆರಾದ ಮುಚ್ಚಳಕ್ಕಿಂತ ಸ್ವಲ್ಪ ದಪ್ಪವಾಗಿ ಕಾಣುತ್ತದೆ. ಒಂಬತ್ತು ಅಡಿಯಲ್ಲಿ ಇಡೀ ವ್ಯಕ್ತಿ ಬರುತ್ತಾನೆ, ಜೊತೆಗೆ ಅವನ ಅಂಗಡಿಯೂ ಬರುತ್ತದೆ. ಹಗಲಿನಲ್ಲಿ ಎಫ್ 8ಕ್ಕೆ ಇಟ್ಟು, ಎರಡೂವರೆ ಮೀಟರ್ ದೂರದ ಕಂಬದ ಮೇಲೆ ಫೋಕಸ್ ಮಾಡಿ, ಫೋಕಸ್ ಮತ್ತೆ ಬದಲಾಗದಂತೆ ಲೆನ್ಸಿನ ಗುಂಡಿಯನ್ನು ಮ್ಯಾನುಯಲ್‌ಗೆ ಸರಿಸಿದರೆ, ಒಂದೂವರೆ ಮೀಟರಿನಿಂದ ಏಳು ಮೀಟರಿನವರೆಗೆ ಎಲ್ಲವೂ ಸಾಕಷ್ಟು ಸ್ಪಷ್ಟವಾಗಿರುತ್ತದೆ. ಅಷ್ಟು ಹತ್ತಿರದಲ್ಲಿ ಜನ ನಮ್ಮನ್ನು ಖಂಡಿತ ನೋಡುತ್ತಾರೆ. ನೋಡಿ, ಎರಡು ಮಾತಾಡಿ, ತಮ್ಮ ಕೆಲಸಕ್ಕೆ ಮರಳುತ್ತಾರೆ. ಸಹಜವಾದ ಚಿತ್ರ ನನಗೆ ಸಿಗುತ್ತಿರುವುದು ಆ ನಂತರವೇ. ಬೇಡವೆಂದು ಕೈಯಾಡಿಸಿದವರ ಚಿತ್ರವನ್ನು ನಾನು ತೆಗೆಯುವುದಿಲ್ಲ.

ಉದ್ದದ ಲೆನ್ಸೇ ಬೇಕೆಂಬ ಹಟವಿದ್ದರೆ, ಬೆಂಗಳೂರಿನಲ್ಲಿ ಲೆನ್ಸುಗಳು ದಿನದ ಬಾಡಿಗೆಗೆ ದೊರೆಯುತ್ತವೆ. ಒಂದು ಭಾನುವಾರದ ಮಟ್ಟಿಗೆ ತಂದು, ಮಾರುಕಟ್ಟೆಯ ಒಳಗೆ ಬೆಳಗಿನ ಐದೂವರೆಯಿಂದ ಎಂಟರವರೆಗೆ ಅದೊಂದನ್ನೇ ಹಿಡಿದು ಓಡಾಡಿ, ಮನೆಗೆ ಬಂದು ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ನೋಡಿ, ಆಮೇಲೆ ಕೊಳ್ಳುವ ಮಾತಾಡಿ.