ಕಂದು ಬಣ್ಣ ನೋಡಿ ವೈಟಾನ್ ಅಂತ ನಂಬಬೇಡಿ, ನಾನು ನಂಬಿ ಕೆಟ್ಟೆ

ಪೀಣ್ಯದಲ್ಲಿ ಹೈಡ್ರಾಲಿಕ್ ಪ್ರೆಸ್ ರಿಪೇರಿ ಮಾಡೋ ಸಣ್ಣ ವರ್ಕ್‌ಶಾಪ್ ನಂದು. ಹದಿನಾರು ವರ್ಷದಿಂದ ಇದೇ ಕೆಲಸ. ಆದ್ರೂ 20 ಓ-ರಿಂಗ್, ಅಂದ್ರೆ ಎಣ್ಣೆ ಸೋರದ ಹಾಗೆ ತಡೆಯೋ ರಬ್ಬರ್ ಬಳೆ, ಕೊಳ್ಳೋವಾಗ ಟೋಪಿ ಹಾಕಿಸಿಕೊಂಡು ಬಂದೆ. ಬರೆಯೋಕೇ ನಾಚಿಕೆ.

ಬೇಕಲೈಟ್ ಮೋಲ್ಡಿಂಗ್ ಪ್ರೆಸ್ ಒಂದು ಬಂದಿತ್ತು. ಅದರ ಪ್ಲಾಟನ್, ಅಂದ್ರೆ ಒತ್ತೋ ಬಿಸಿ ತಟ್ಟೆ, 170 ಡಿಗ್ರಿ ಕಾಯುತ್ತೆ, ಆ ಕಾವು ಸಿಲಿಂಡರ್‌ವರೆಗೂ ಇಳಿಯುತ್ತೆ. ಮಾಮೂಲಿ ನೈಟ್ರೈಲ್ ರಬ್ಬರ್ 100 ಡಿಗ್ರಿ ದಾಟಿದ್ರೆ ಹೆಚ್ಚು ದಿನ ಬಾಳಲ್ಲ, ವೈಟಾನ್ ಅನ್ನೋ ದುಬಾರಿ ರಬ್ಬರ್ ಆದ್ರೆ 200ರ ತನಕ ತಡೆಯುತ್ತೆ. ಇದು ಯಾರಿಗೆ ಗೊತ್ತಿಲ್ಲ? ಎಸ್.ಪಿ. ರೋಡ್ ಕಡೆ ಒಂದು ಅಂಗಡಿಗೆ ಹೋಗಿ, ಬಾಯಿಬಿಟ್ಟು ಕೇಳಿದ್ದೀನಿ: "ವೈಟಾನ್ ಕೊಡಿ, ಒಳ ಅಳತೆ 40, ದಪ್ಪ 3.5 ಮಿ.ಮೀ." ನೈಟ್ರೈಲ್ ಆದ್ರೆ ಒಂದಕ್ಕೆ 12 ರೂಪಾಯಿ, ಇದಕ್ಕೆ 110 ಅಂದ. ಚೌಕಾಸಿ ಮಾಡಿ 95ಕ್ಕೆ ಇಳಿಸಿ, ಗೆದ್ದೆ ಅಂದ್ಕೊಂಡು ಬಂದೆ. ಕಂದು ಬಣ್ಣದ ರಿಂಗು. ನಾವೆಲ್ಲ ವೈಟಾನ್ ಅಂದ್ರೆ ಕಂದು ಅಂತಲೇ ತಾನೇ ನೋಡಿರೋದು?

ಒಂಬತ್ತೇ ದಿನ. ಗಿರಾಕಿ ಫೋನ್ ಮಾಡಿ, "ಏನ್ರೀ, ನೆಲ ಎಲ್ಲ ಎಣ್ಣೆ, ಇದೇನಾ ನಿಮ್ಮ ಗ್ಯಾರಂಟಿ?" ಅಂದ್ರು. ಅವರ ಹುಡುಗರ ಎದುರಿಗೇ ಸಿಲಿಂಡರ್ ಬಿಚ್ಚಿದೆ. ದುಂಡಗಿದ್ದ ರಿಂಗು ಗ್ರೂವ್ ಆಕಾರಕ್ಕೆ ಚಪ್ಪಟೆಯಾಗಿ ಕೂತುಬಿಟ್ಟಿತ್ತು. ಉಗುರು ಒತ್ತಿದ್ರೆ ಇಳಿಯಲ್ಲ. ಸ್ವಲ್ಪ ಬಗ್ಗಿಸಿದೆ, ಹಪ್ಪಳದ ಥರ ಚಟ್ ಅಂತ ಮುರೀತು.

ಡ್ರಾಯರ್‌ನಲ್ಲಿ ಇದೇ ಅಳತೆಯ ಹಳೇ ಅಸಲಿ ರಿಂಗ್ ಒಂದಿತ್ತು. ಎರಡನ್ನೂ ತಗೊಂಡು ನಮ್ಮ ಬೀದಿಯ ಚಿನ್ನದಂಗಡಿಗೆ ಹೋಗಿ ತೂಕ ಹಾಕಿಸಿದೆ. ಅಸಲಿ 2.4 ಗ್ರಾಂ, ಇದು 1.6. ವೈಟಾನ್ ಭಾರದ ರಬ್ಬರು, ಅದೇ ಅಳತೆಯ ನೈಟ್ರೈಲ್‌ಗಿಂತ ಹೆಚ್ಚುಕಮ್ಮಿ ಒಂದೂವರೆ ಪಟ್ಟು ತೂಗುತ್ತೆ. ಅಂದ್ರೆ ನಾನು ತಂದಿದ್ದು ಬಣ್ಣ ಹಾಕಿದ ನೈಟ್ರೈಲು! ಆಚಾರ್ರು ಕನ್ನಡಕ ಏರಿಸಿ, "ಇದರಲ್ಲಿ ಚಿನ್ನ ಯಾವುದು, ಗಿಲೀಟು ಯಾವುದು ಸ್ವಾಮಿ?" ಅಂದ್ರು. ನಗೋ ಸ್ಥಿತೀಲಿ ನಾನಿರಲಿಲ್ಲ.

ಅಂಗಡಿಗೆ ಹೋದೆ. ಮೊದಲ ಉತ್ತರ: "ಫಿಟ್ಟಿಂಗ್ ಸರಿ ಇರಲ್ಲ ಸಾರ್." ತೂಕ ಹೇಳಿದೆ. "ಎಲ್ಲಾ ಕಂಪನಿ ವೈಟಾನ್ ಒಂದೇ ತೂಕ ಇರುತ್ತಾ?" ಬಿಲ್ ಮೇಜಿನ ಮೇಲೆ ಇಟ್ಟೆ. ಆಮೇಲೆ ಅಂದಿದ್ದು ಕೇಳಿ: "ಓದಿ ಸಾರ್. ಬ್ರೌನ್ ಓ-ರಿಂಗ್ ಅಂತ ಇದೆ. ವೈಟಾನ್ ಅಂತ ಎಲ್ಲಿದೆ?"

ಎಲ್ಲೂ ಇರಲಿಲ್ಲ. ಬ್ರೌನ್ ಓ-ರಿಂಗ್, 20 ನಂಬರ್. ಅಷ್ಟೇ. ಜಿಎಸ್‌ಟಿ ಸಮೇತ ಬಿಲ್ ತಗೊಂಡವನು ಆ ಒಂದು ಸಾಲು ಓದಿರಲಿಲ್ಲ. ಓದಿರಲಿಲ್ಲ!

ಅದೂ ಸಾಲದು ಅಂತ, "ಬೇಕಾದ್ರೆ ಇಪಿಡಿಎಂ ರಬ್ಬರ್ ತಗೊಳ್ಳಿ, ಸ್ಟೀಮ್‌ಗೇ ಹಾಕ್ತಾರೆ, ಶಾಖಕ್ಕೆ ಬೆಸ್ಟು" ಅಂದ. ಹೈಡ್ರಾಲಿಕ್ ಎಣ್ಣೆಗೆ ಇಪಿಡಿಎಂ! ನೀರಿಗೆ, ಹಬೆಗೆ ಅದು ಒಳ್ಳೇದೇ, ಪೆಟ್ರೋಲಿಯಂ ಎಣ್ಣೆಗೆ ಬಿದ್ರೆ ನೆನೆಸಿದ ಕಡಲೆ ಥರ ಊದಿಕೊಳ್ಳುತ್ತೆ. ಇವನ ಮಾತು ಕೇಳಿ ಅದನ್ನ ಒಯ್ದವರು ಎಷ್ಟು ಜನರೋ.

ಬಣ್ಣ ನೋಡಬೇಡಿ, ಬಣ್ಣ ಬರೀ ಪಿಗ್ಮೆಂಟು. ಅಸಲಿ ವೈಟಾನ್ ಕಪ್ಪಲ್ಲೂ ಬರುತ್ತೆ. ವೈಟಾನ್ ಒಂದು ಬ್ರಾಂಡ್ ಹೆಸರು, ಬಿಲ್ಲಲ್ಲಿ ಆ ರಬ್ಬರಿನ ಸಾಮಾನ್ಯ ಹೆಸರು ಎಫ್‌ಕೆಎಂ ಅಂತ ಬರೆಸಿ, ಬರೆಯಲ್ಲ ಅಂದ್ರೆ ಎದ್ದು ಬನ್ನಿ. ಒಂದು ಅಸಲಿ ರಿಂಗ್ ಜೇಬಲ್ಲಿರಲಿ, ತೂಗಿ ನೋಡಿ. ಸುಟ್ಟು ನೋಡು ಅಂತ ಕೆಲವರು ಹೇಳ್ತಾರೆ, ಆ ಕೆಲಸ ಮಾತ್ರ ಬೇಡ, ಎಫ್‌ಕೆಎಂ ಸುಟ್ಟರೆ ಬರೋ ಹೊಗೆ ವಿಷ.

ದುಡ್ಡು ವಾಪಸ್ ಬರಲಿಲ್ಲ. ಪ್ರೆಸ್‌ನ ಎರಡನೇ ಸಲ ಪುಕ್ಕಟೆ ಕಟ್ಟಿಕೊಟ್ಟೆ. ಉಳಿದ 14 ರಿಂಗು ಬೆಂಚ್ ಮೇಲಿನ ಮೊಳೆಗೆ ನೇತುಹಾಕಿದ್ದೀನಿ, ಬಂದವರೆಲ್ಲ "ಓಹ್, ವೈಟಾನಾ?" ಅಂತ ಕೇಳ್ತಾರೆ.