ರೋಸೆಂಡಾಲ್ ಅರಮನೆ: ಸ್ವೀಡಿಷ್ ಬಾರದ ಸ್ವೀಡನ್ ದೊರೆಯ ವಿಹಾರದ ಮನೆ

ಸ್ಟಾಕ್‌ಹೋಮ್‌ನ ಯೂರ್ಗೋರ್ಡೆನ್ ದ್ವೀಪದಲ್ಲಿರುವ ರೋಸೆಂಡಾಲ್, ಅರಮನೆಯೆಂಬ ಹೆಸರನ್ನು ನಂಬಿ ಹೋದವರಿಗೆ ಮೊದಲ ನೋಟಕ್ಕೆ ಸಿರಿವಂತರ ತೋಟದ ಬಂಗಲೆಯಂತೆ ಕಂಡೀತು. ಆದರೆ 1820ರ ದಶಕದಲ್ಲಿ ಇದನ್ನು ಕಟ್ಟಿಸಿದ ಹದಿನಾಲ್ಕನೆಯ ಕಾರ್ಲ್ ಯೋಹಾನನ ಬದುಕನ್ನು ಒಂದಿಷ್ಟು ತಿಳಿದು ಒಳಹೊಕ್ಕವರಿಗೆ ಟಿಕೆಟ್ಟಿನ ಹಣ ದಂಡವಾಗುವುದಿಲ್ಲ.

ಈ ದೊರೆ 1763ರಲ್ಲಿ ಫ್ರಾನ್ಸಿನ ನೈಋತ್ಯದ ಪೋ ಪಟ್ಟಣದಲ್ಲಿ, ಕೋರ್ಟು ಕಚೇರಿಯ ಕೆಲಸದಿಂದ ಬದುಕುತ್ತಿದ್ದ ಬರ್ನಡೋಟ್ ಮನೆತನದಲ್ಲಿ ಹುಟ್ಟಿದವನು. ಹದಿನೇಳರ ಹರೆಯದಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇನೆ ಸೇರಿ ನೆಪೋಲಿಯನ್ನನ ಮಾರ್ಷಲ್ ಆಗುವವರೆಗೆ ಏರಿದ ಈತನನ್ನು, ಮಕ್ಕಳಿಲ್ಲದ ಮುದಿ ರಾಜನ ಉತ್ತರಾಧಿಕಾರಿಯಾಗಿ ಸ್ವೀಡನ್ನಿನ ಸಂಸತ್ತು 1810ರಲ್ಲಿ ಆರಿಸಿತು. ಮೂರು ವರ್ಷ ಕಳೆಯುವಷ್ಟರಲ್ಲಿ ಅವನು ಲೈಪ್‌ಜಿಗ್‌ನಲ್ಲಿ ತನ್ನ ಹಳೆಯ ಒಡೆಯನ ಎದುರೇ ಕತ್ತಿ ಹಿಡಿದಿದ್ದ. 1818ರಿಂದ 1844ರವರೆಗೆ ಆಳಿದರೂ ಸ್ವೀಡಿಷ್ ಭಾಷೆ ಅವನ ನಾಲಿಗೆಗೆ ಒಗ್ಗಲಿಲ್ಲ. ರಾಜಕಾರ್ಯವೆಲ್ಲ ಫ್ರೆಂಚಿನಲ್ಲೇ, ಎಷ್ಟೋ ವೇಳೆ ಹಾಸಿಗೆಯಲ್ಲಿದ್ದುಕೊಂಡೇ, ಆಪ್ತನಾದ ಮಾಗ್ನುಸ್ ಬ್ರಾಹೆಯ ಮೂಲಕ ನಡೆಯುತ್ತಿತ್ತು. ವಿರೋಧಿಗಳು ಇದನ್ನು 'ಮಲಗುವ ಕೋಣೆಯ ಆಡಳಿತ' ಎಂದು ಹಂಗಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಮನೆಯೊಳಗೆ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಊಟದ ಕೋಣೆ. ನೆರಿಗೆ ನೆರಿಗೆಯಾಗಿ ಬಟ್ಟೆ ಇಳಿಬಿಟ್ಟು ಅದನ್ನು ದಂಡಿನ ಡೇರೆಯಂತೆ ಸಿಂಗರಿಸಿದ್ದಾರೆ. ಇಂಥ ಅಲಂಕಾರ ಆ ಕಾಲದ ಫ್ರಾನ್ಸಿನಲ್ಲಿ ಬರಿಯ ಫ್ಯಾಶನ್ನೂ ಆಗಿತ್ತೆಂಬುದು ನಿಜ. ಆದರೂ ಸಿಪಾಯಿಯಾಗಿ ಬದುಕು ತೊಡಗಿದವನ ಮನೆಯಲ್ಲಿ ಅದಕ್ಕೆ ಬೇರೆಯದೇ ಅರ್ಥ ಬರುತ್ತದೆ. ಉಳಿದ ಕೋಣೆಗಳ ರೇಷ್ಮೆ, ಗಿಲೀಟು ನನ್ನ ಕಣ್ಣಿಗೆ ತುಸು ಅತಿಯೆನಿಸಿತು. ಸ್ವೀಡನ್ನಿನಲ್ಲಿ 'ಕಾರ್ಲ್ ಯೋಹಾನ್ ಶೈಲಿ' ಎನ್ನುವುದು ನೆಪೋಲಿಯನ್ನನ ಕಾಲದ ಎಂಪೈರ್ ಶೈಲಿಯ ಸ್ಥಳೀಯ ರೂಪವೇ: ನೆಪೋಲಿಯನ್ನನನ್ನು ರಣರಂಗದಲ್ಲಿ ಸೋಲಿಸಲು ನೆರವಾದವನು ಮನೆಯಲ್ಲಿ ಅವನ ಅಭಿರುಚಿಯ ನಡುವೆಯೇ ಕುಳಿತಿದ್ದ.

ಮನೆ ತೆರೆಯುವುದು ಬೇಸಿಗೆಯಲ್ಲಿ ಮಾತ್ರ, ಅದೂ ಗೈಡ್ ಜೊತೆಗೆ. ಆದ್ದರಿಂದ ದಿನ, ವೇಳೆಗಳನ್ನು ಮೊದಲೇ ವಿಚಾರಿಸಿಕೊಂಡು ಹೋಗಬೇಕು. ಬಾಗಿಲು ಮುಚ್ಚಿದ ಕಾಲದಲ್ಲಿ ಹೋದವರು, ದೊರೆಯೇ ಕೊಂಡಿದ್ದ ಎಲ್ವ್‌ದಾಲೆನ್ ಕಾರ್ಖಾನೆಯಲ್ಲಿ ಪೊರ್ಫಿರಿ ಕಲ್ಲಿನಿಂದ ಕಡೆದ ಭಾರೀ ಹೂದಾನಿಯನ್ನಾದರೂ ಹಿತ್ತಲಿನಲ್ಲಿ ನೋಡಬಹುದು.