ರೆಡಿಮೇಡ್ ಕೋಳಿ ಗೂಡು, ಬ್ರೂಡರ್ ಪೆಟ್ಟಿಗೆ: ತಳೇಗಾಂವಿನ ಬಿಸಿಲು, ಮಳೆ, ಚಳಿಯಲ್ಲಿ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಗೂಡು ತಗೊಳ್ಳಿ. ಅದರ ಜೊತೆ ಸೇರಿಸಿ ಮಾರುವ ಬ್ರೂಡರ್, ಅಂದರೆ ಮರಿಗಳನ್ನು ಬಲ್ಬಿನಿಂದ ಬೆಚ್ಚಗಿಡುವ ಪೆಟ್ಟಿಗೆ ಬೇಡ, ನಿಮ್ಮಲ್ಲಿ ಕಾವಿಗೆ ಕೂರುವ ಒಂದು ಜವಾರಿ ಕೋಳಿ ಇದ್ದರೆ ಸಾಕು.

ನಮ್ಮ ಮನೆ ತಳೇಗಾಂವ್ ದಾಭಾಡೆಯಲ್ಲಿ, ಪುಣೆಗೂ ಲೋಣಾವಳಕ್ಕೂ ನಡುವೆ. ಪುಣೆ ಊರೊಳಗಿನವರಿಗಿಂತ ನಮಗೆ ಮಳೆ ಜಾಸ್ತಿ, ಲೋಣಾವಳದವರಿಗಿಂತ ಕಡಿಮೆ. ಏಪ್ರಿಲ್‌ನಲ್ಲಿ 40 ಡಿಗ್ರಿ ಹತ್ತಿರ ಬಿಸಿಲು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ, ಡಿಸೆಂಬರ್ ರಾತ್ರಿ 10 ಡಿಗ್ರಿಗೂ ಕೆಳಗೆ ಹೋಗುವುದುಂಟು. ಒಂದೇ ಗೂಡು ಈ ಮೂರಕ್ಕೂ ತಡೆಯಬೇಕು. ಹಿತ್ತಲಲ್ಲಿರುವುದು ಜವಾರಿ ಕೋಳಿಗಳು, ಇಲ್ಲಿಯವರು ಗಾವಠಿ ಅನ್ನುತ್ತಾರೆ. ಜೊತೆಗೆ ಬೆಳಗಾವಿ ಕಡೆಯಿಂದ ತಂದ ಕೆಲವು ಗಿರಿರಾಜ ತಳಿಯ ಕೋಳಿ. ಹಗಲೆಲ್ಲ ಹೊರಗೆ ಕೆದಕಿಕೊಂಡಿರುತ್ತವೆ, ರಾತ್ರಿ ಗೂಡಿಗೆ.

ಗೂಡು ಪುಣೆಯ ಒಂದು ವರ್ಕ್‌ಶಾಪಿನಲ್ಲಿ ಮಾಡಿದ್ದು. ಸುಮಾರು 18 ಸಾವಿರ ರೂಪಾಯಿ, ಮನೆಗೆ ತಂದು ಜೋಡಿಸಿಕೊಟ್ಟರು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಕಬ್ಬಿಣದ ಆಂಗಲ್ ಚೌಕಟ್ಟು, ಮೇಲೆ ತಗಡು, ಸುತ್ತ ಜಾಲರಿ, ಮೊಟ್ಟೆಯಿಡಲು ಎರಡು ಖಾನೆ, ನೆಲದಿಂದ ಎರಡು ಅಡಿ ಎತ್ತರ. ಜಾಹೀರಾತಿನಲ್ಲಿ 20 ಕೋಳಿ ಹಿಡಿಯುತ್ತದೆ ಎಂದಿದೆ. ಅದನ್ನು ನಂಬಬೇಡಿ. ಒಳಗಿರುವುದು 24 ಚದರಡಿ. ದೊಡ್ಡ ಕೋಳಿಗೆ ತಲಾ ಮೂರು ಚದರಡಿಯಾದರೂ ಬೇಕು. ಅಂದರೆ ಎಂಟು ಕೋಳಿ ಆರಾಮಾಗಿ ಇರುತ್ತವೆ. ಅದಕ್ಕಿಂತ ಜಾಸ್ತಿ ತುಂಬಿದರೆ ಒಂದರ ಪುಕ್ಕ ಇನ್ನೊಂದು ಕೀಳುತ್ತದೆ, ಹಿಕ್ಕೆಯ ವಾಸನೆ ಕಣ್ಣು ಉರಿಸುತ್ತದೆ.

ಬೇಸಿಗೆಯಲ್ಲಿ ಇದರ ದೊಡ್ಡ ತೊಂದರೆ ತಗಡು. ಮಧ್ಯಾಹ್ನ ಎರಡು ಗಂಟೆಗೆ ಒಳಗೆ ಕೈಯಿಟ್ಟರೆ ಮೇಲಿಂದ ಕಾವು ಬಡಿಯುತ್ತದೆ. ಕೋಳಿಗೆ ಬೆವರು ಬರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟು, ರೆಕ್ಕೆಯನ್ನು ಮೈಯಿಂದ ಬಿಡಿಸಿ ಹಿಡಿದು ಬಿಸಿ ಕಳೆದುಕೊಳ್ಳಬೇಕು. ಹಾಗೆ ಏದುಸಿರು ಬಿಡುತ್ತಾ ಇದ್ದರೆ ಮೊಟ್ಟೆಯ ಸಿಪ್ಪೆಯೂ ತೆಳುವಾಗುತ್ತದೆ, ಯಾಕೆಂದರೆ ಸಿಪ್ಪೆ ಕಟ್ಟಲು ರಕ್ತದಲ್ಲಿ ಇರಬೇಕಾದ ಅಂಗಾರಾಮ್ಲ (ಕಾರ್ಬನ್ ಡೈಆಕ್ಸೈಡ್) ಉಸಿರಿನ ಜೊತೆ ಹೊರಟುಹೋಗುತ್ತದೆ. ನಾವು ಮಾರ್ಚ್ ಕೊನೆಗೆ ತಗಡಿಗೆ ಸುಣ್ಣ ಬಳಿಯುತ್ತೇವೆ, ಮೇಲೆ ಭತ್ತದ ಹುಲ್ಲು ದಪ್ಪಗೆ ಹೊದಿಸಿ ಹಗ್ಗ ಬಿಗಿಯುತ್ತೇವೆ. ಇಷ್ಟು ಮಾಡಿದರೆ ಒಳಗಿನ ಕಾವು ಇಳಿಯುವುದು ಕೈಗೇ ಗೊತ್ತಾಗುತ್ತದೆ. ಒದ್ದೆ ಗೋಣಿಚೀಲ ಪಡುವಣ ಬದಿಗೆ ಇಳಿಬಿಟ್ಟರೆ ಏಪ್ರಿಲ್‌ನ ಒಣ ಗಾಳಿಗೆ ತುಂಬಾ ತಂಪು. ಮೇ ಕೊನೆಯಲ್ಲಿ ಗಾಳಿಯಲ್ಲೇ ಪಸೆ ಬಂದ ಮೇಲೆ ಅದರಿಂದ ಉಪಯೋಗ ಕಡಿಮೆ, ಆಗ ತೆಗೆದುಬಿಡಿ. ಕಾಳು ಬೆಳಿಗ್ಗೆ ಬೇಗ, ಸಂಜೆ ತಡವಾಗಿ ಹಾಕಿ. ತಿಂದದ್ದು ಅರಗುವಾಗಲೂ ಮೈ ಬಿಸಿಯಾಗುತ್ತದೆ, ಮಧ್ಯಾಹ್ನ ಅದು ಬೇಡ. ನೀರಿಗೆ ಗೂಡಿನ ಜೊತೆ ಬಂದ ಪ್ಲಾಸ್ಟಿಕ್ ಡಬ್ಬಿಗಿಂತ ಮಣ್ಣಿನ ಬೋಗುಣಿ ಎಷ್ಟೋ ಮೇಲು.

ಆದರೂ ಗೂಡಿನ ನಿಜವಾದ ಪರೀಕ್ಷೆ ಮಳೆಗಾಲದಲ್ಲೇ. ಇದರ ಸೂರು ಗೋಡೆಯಿಂದ ನಾಲ್ಕು ಬೆರಳು ಮಾತ್ರ ಮುಂದೆ ಬಂದಿದೆ. ಮಾವಳದ, ಅಂದರೆ ನಮ್ಮ ತಾಲೂಕಿನ ಮಳೆ ನೇರ ಬೀಳುವುದಿಲ್ಲ, ಗಾಳಿಗೆ ಅಡ್ಡ ಹೊಡೆಯುತ್ತದೆ. ಇರಚಲು ಜಾಲರಿ ದಾಟಿ ಅರ್ಧ ಗೂಡಿನವರೆಗೆ ಬರುತ್ತಿತ್ತು, ನೆಲಕ್ಕೆ ಹಾಕಿದ ಹೊಟ್ಟು ಒದ್ದೆಯಾಗಿ ಗಟ್ಟಿ ಹೆಂಟೆಯಾಗುತ್ತಿತ್ತು. ಮರಿಗಳಿಗೆ ಇದು ಜೀವದ ಮಾತು. ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಸೂಕ್ಷ್ಮ ಪರೋಪಜೀವಿ ಬೆಚ್ಚಗಿನ ಒದ್ದೆ ನೆಲದಲ್ಲೇ ಬಲಿಯುವುದು. ನಾವು ಬೇರೆ ತಗಡು ತಂದು ಸೂರನ್ನು ಎರಡು ಅಡಿ ಮುಂದಕ್ಕೆ ಎಳೆದೆವು. ಅವತ್ತಿನಿಂದ ಒಳಗೆ ಹನಿ ಬಿದ್ದಿಲ್ಲ. ಎರಡು ಅಡಿ ಸೂರನ್ನು ಮೊದಲೇ ಕೊಟ್ಟಿದ್ದರೆ ಈ ಗೂಡಿನ ಮೇಲೆ ನನ್ನ ತಕರಾರು ಅರ್ಧ ಇಳಿಯುತ್ತಿತ್ತು.

ಸುತ್ತ ಟಾರ್ಪಾಲು ಕಟ್ಟಿ ಮುಚ್ಚುವವರನ್ನೂ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮಳೆ ನಿಲ್ಲುತ್ತದೆ ನಿಜ, ಆದರೆ ಹಿಕ್ಕೆಯ ಪಸೆ, ಉಸಿರಿನ ಪಸೆ, ಅಮೋನಿಯಾ ಎಲ್ಲ ಒಳಗೇ ಉಳಿಯುತ್ತದೆ. ಎರಡೇ ವಾರದಲ್ಲಿ ಕೋಳಿಗಳು ಸೀನಲು ಶುರುಮಾಡುತ್ತವೆ. ಗಾಳಿ ಬೀಸುವ ಬದಿಗೆ ಮಾತ್ರ, ಅದೂ ಕೋಳಿ ಕೂರುವ ಕೋಲಿನ ಎತ್ತರದವರೆಗೆ ಮುಚ್ಚಿ. ಅದರ ಮೇಲೆ ಒಂದಡಿ ಜಾಲರಿ ಮುಚ್ಚದೆಯೇ ಇರಲಿ. ನೆಲಕ್ಕೆ ಭತ್ತದ ಹೊಟ್ಟು ನಾಲ್ಕು ಇಂಚು ದಪ್ಪ. ಮಾವಳದಲ್ಲಿ ಇಂದ್ರಾಯಣಿ ಅಕ್ಕಿಯ ಗಿರಣಿಗಳು ಇರುವುದರಿಂದ ನಮಗೆ ಹೊಟ್ಟಿಗೆ ಬರವಿಲ್ಲ. ದಿನ ಬಿಟ್ಟು ದಿನ ಕೆದಕಿ, ಒಂದು ಹಿಡಿ ತೆಗೆದು ಹಿಚುಕಿ ನೋಡಿ. ಉದುರಿದರೆ ಸರಿ, ಉಂಡೆಯಾಗಿ ನಿಂತರೆ ಆ ಜಾಗದ್ದನ್ನು ತೆಗೆದು ಹೊಸದು ಹಾಕಿ. ಜೋಳ, ಶೇಂಗಾ ಹಿಂಡಿಯನ್ನು ಮಳೆಗಾಲದಲ್ಲಿ ಒಟ್ಟಿಗೆ ತಂದು ಇಡಬೇಡಿ. ಬೂಷ್ಟು ಹಿಡಿದ ಹಿಂಡಿ ಕೋಳಿಯ ಲಿವರ್ ಹಾಳು ಮಾಡುತ್ತದೆ.

ಜಾಲರಿಯ ಬಗ್ಗೆ ಒಂದು ಮಾತು. ಬಂದದ್ದು ಷಟ್ಕೋನ ಕಣ್ಣಿನ ತೆಳು ತಂತಿ. ಅದು ಕೋಳಿಯನ್ನು ಒಳಗಿಡುತ್ತದೆ ಅಷ್ಟೇ, ಮುಂಗುಸಿಯನ್ನು ಹೊರಗಿಡುವುದಿಲ್ಲ. ಕೆಳಗಿನ ಎರಡು ಅಡಿಗೆ ಅರ್ಧ ಇಂಚಿನ ವೆಲ್ಡೆಡ್ ಮೆಶ್ ಹಾಕಿಸಿ. ಬಾಗಿಲಿನ ಚಿಲಕ ಮಾತ್ರ ಬಲು ಗಟ್ಟಿ, ಇಷ್ಟು ಮಳೆ ಕಂಡರೂ ತುಕ್ಕು ಹಿಡಿದಿಲ್ಲ.

ಚಳಿಗೆ ಏನೂ ಮಾಡುವುದಿಲ್ಲ. ಪುಕ್ಕ ಒಣಗಿದ್ದರೆ ದೊಡ್ಡ ಕೋಳಿಗೆ ಪುಣೆಯ ಚಳಿ ಲೆಕ್ಕಕ್ಕಿಲ್ಲ. ಕೋಲಿನ ಮೇಲೆ ಒತ್ತಾಗಿ ಕೂತು, ಕಾಲು ಮುಚ್ಚುವ ಹಾಗೆ ಹೊಟ್ಟೆಯ ಪುಕ್ಕ ಇಳಿಬಿಟ್ಟು ಮಲಗುತ್ತವೆ.

ಇನ್ನು ಬ್ರೂಡರ್. ಪ್ಲೈವುಡ್ ಪೆಟ್ಟಿಗೆ, ಎರಡು ಬಲ್ಬ್ ಹೋಲ್ಡರ್, ಒಂದು ಥರ್ಮಾಮೀಟರ್. ಮೊದಲ ವಾರ ಮರಿಗೆ 35 ಡಿಗ್ರಿ ಬೇಕು, ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿ ಇಳಿಸುತ್ತಾ ಹೋಗಬೇಕು. ಥರ್ಮಾಮೀಟರಿಗಿಂತ ಮರಿಗಳೇ ಚೆನ್ನಾಗಿ ಹೇಳುತ್ತವೆ. ಬಲ್ಬಿನ ಕೆಳಗೆ ಗುಂಪುಗೂಡಿದರೆ ಚಳಿ, ಅಂಚಿಗೆ ಹೋಗಿ ಬಾಯಿ ತೆರೆದರೆ ಸೆಕೆ, ಒಂದೇ ಬದಿಗೆ ಸರಿದರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ. ಎಲ್ಲ ಕಡೆ ಹರಡಿಕೊಂಡು ತಿನ್ನುತ್ತಿದ್ದರೆ ಸರಿಯಾಗಿದೆ. ಪೆಟ್ಟಿಗೆಯ ಮೊದಲ ದೋಷ ಅದರ ಮೂಲೆಗಳು. ಹೆದರಿದಾಗ ಮರಿಗಳು ಮೂಲೆಗೆ ನುಗ್ಗಿ, ಕೆಳಗಿನವು ಉಸಿರುಗಟ್ಟಿ ಸಾಯುತ್ತವೆ. ಒಳಗೆ ರಟ್ಟನ್ನು ದುಂಡಗೆ ಬಗ್ಗಿಸಿ ನಿಲ್ಲಿಸಲೇಬೇಕು. ಎರಡನೆಯದು ಕರೆಂಟು. ಗುರುವಾರ ಇಲ್ಲಿ ರಿಪೇರಿಗೆಂದು ಕರೆಂಟ್ ತೆಗೆಯುವುದು ಮಾಮೂಲು, ಮಳೆಗಾಲದಲ್ಲಂತೂ ವಾರವನ್ನೇ ಕೇಳಬೇಡಿ. ಕರೆಂಟ್ ಹೋದ ಎರಡು ಗಂಟೆಯಲ್ಲಿ ಪೆಟ್ಟಿಗೆ ತಣ್ಣಗಾಗುತ್ತದೆ.

ನಮ್ಮ ಓಣಿಯಲ್ಲಿ ವಿಜಯಪುರದ ಇಂಡಿ ಕಡೆಯ ಒಬ್ಬ ಅಜ್ಜಿ ಇದ್ದಾರೆ. ಪೆಟ್ಟಿಗೆ ನೋಡಿ ಅವರು ಕೇಳಿದ್ದು ಇಷ್ಟೇ: "ಕೋಳಿ ಕಾವಿಗೆ ಕೂತೈತಿ, ಮತ್ತ ನಿನಗ ಬಲ್ಬ್ ಯಾಕ ಬೇಕವಾ?" ಅವರು ಹೇಳಿದ ಹಾಗೆ ಬಿದಿರಿನ ಬುಟ್ಟಿಗೆ ಹುಲ್ಲು ಹಾಸಿ, ಒಂದು ವಾರದೊಳಗಿನ 11 ಮೊಟ್ಟೆ ಇಟ್ಟು, ಕತ್ತಲಾದ ಮೇಲೆ ಕೆಂಪು ಹ್ಯಾಟೆಯನ್ನು ಕೂರಿಸಿದೆವು. ಅದು ದಿನಕ್ಕೊಂದು ಸಲ ಮಾತ್ರ ಎದ್ದು, ಕಾಳು ತಿಂದು, ಬೂದಿಮಣ್ಣಲ್ಲಿ ಹೊರಳಾಡಿ, ಹೊರಗೇ ಹಿಕ್ಕೆ ಹಾಕಿ ಬರುತ್ತಿತ್ತು. ಕೂರುವ ಮೊದಲು ಕೊಕ್ಕಿನಿಂದ ಒಂದೊಂದೇ ಮೊಟ್ಟೆಯನ್ನು ಹೊರಳಿಸಿ, ಅಂಚಿನದ್ದನ್ನು ನಡುವಿಗೆ ತಳ್ಳುತ್ತಿತ್ತು. ಕೈ ಹತ್ತಿರ ಹೋದರೆ ಮೈ ಉಬ್ಬಿಸಿ ಗುರ್ ಅನ್ನುತ್ತಿತ್ತು. 21ನೇ ದಿನ ಮರಿಗಳು ಬಂದವು. ಆಮೇಲೆ ನಮಗೆ ಕೆಲಸವೇ ಇರಲಿಲ್ಲ. ಸಣ್ಣ ಮಳೆ ಬಂದರೆ ತಾಯಿ ಒಂದು ಸದ್ದು ಮಾಡುತ್ತದೆ, ಮರಿಗಳೆಲ್ಲ ರೆಕ್ಕೆಯೊಳಗೆ ಮಾಯ. ಸ್ವಲ್ಪ ಹೊತ್ತಿಗೆ ಎದೆಯ ಪುಕ್ಕದ ನಡುವೆ ಒಂದು ಪುಟ್ಟ ತಲೆ ಹೊರಗೆ ಇಣುಕುತ್ತದೆ. ಬಿಸಿ ಬೇಕೆನಿಸಿದರೆ ಒಳಗೆ, ಸಾಕೆನಿಸಿದರೆ ಹೊರಗೆ. ಈ ಅಳತೆ ಯಾವ ಬಲ್ಬಿಗೂ ಬರುವುದಿಲ್ಲ. ಇರುವೆ ಗೂಡು ಕೆದಕುವುದು, ಹದ್ದಿನ ನೆರಳಿಗೆ ಅಡಗುವುದು ಎಲ್ಲ ತಾಯಿಯೇ ಕಲಿಸುತ್ತದೆ.

ಆದರೆ ಮೊಟ್ಟೆಗಾಗಿಯೇ ಬೆಳೆಸಿದ ತಳಿಗಳಲ್ಲಿ ಕಾವು ಕೂರುವ ಗುಣ ಹೆಚ್ಚುಕಡಿಮೆ ಹೋಗಿಬಿಟ್ಟಿದೆ. ಬರೀ ಅಂಥ ಕೋಳಿ ಸಾಕುವವರಿಗೆ, ಅಥವಾ ಒಂದು ದಿನದ ಮರಿ ಕೊಂಡು ತರುವವರಿಗೆ ಬ್ರೂಡರ್ ಬೇಕೇ ಬೇಕು. ಆಗಲೂ ಈ ಪೆಟ್ಟಿಗೆ ಬೇಡ. ದುಂಡನೆಯ ರಟ್ಟು, ಬಲ್ಬು, ಒಂದು ಇನ್ವರ್ಟರ್ ಸಾಕು.

ನೈಸರ್ಗಿಕವಾಗಿ ಸಾಕುತ್ತೇವೆ ಅಂತ ಲಸಿಕೆ ಬಿಡಬೇಡಿ. ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಬಂದರೆ ಹಿತ್ತಲು ಒಂದು ವಾರದಲ್ಲಿ ಖಾಲಿ. ಮರಿಗೆ ಐದರಿಂದ ಏಳು ದಿನದೊಳಗೆ ಲಸೋಟಾ ಲಸಿಕೆ ಕಣ್ಣಿಗೆ ಒಂದು ಹನಿ. ಚಿಕ್ಕ ಸೀಸೆಯೇ 100 ಮರಿಗೆ ಆಗುವಷ್ಟಿರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಅದಕ್ಕೇ ನಾವು ಓಣಿಯವರೆಲ್ಲ ಸೇರಿ ಒಂದು ಸೀಸೆ ತಂದು, ಐಸ್ ಡಬ್ಬಿಯಲ್ಲಿಟ್ಟು, ಒಂದೇ ಬೆಳಿಗ್ಗೆ ಎಲ್ಲರ ಮರಿಗೂ ಹಾಕುತ್ತೇವೆ.

ಗೂಡು ಆರ್ಡರ್ ಮಾಡುವಾಗ ಇಷ್ಟು ಕೇಳಿ: ಸೂರು ನಾಲ್ಕೂ ಬದಿಗೆ ಎರಡು ಅಡಿ ಮುಂದೆ, ಮೇಲೆ ಸುತ್ತ ಒಂದಡಿ ಗಾಳಿಗೆ ಬಿಚ್ಚಿದ ಜಾಗ, ಕೆಳಗೆ ವೆಲ್ಡೆಡ್ ಮೆಶ್, ಕೂರಲು ದುಂಡನೆಯ ದಪ್ಪ ಕೋಲು. ನಮ್ಮ ಪಕ್ಕದವರಿಗೆ ಅದೇ ವರ್ಕ್‌ಶಾಪಿನವರು ಇಷ್ಟನ್ನೂ ಸೇರಿಸಿ ಮಾಡಿಕೊಟ್ಟರು, ನಮಗಿಂತ ಎರಡು ಸಾವಿರ ಜಾಸ್ತಿ ಆಯಿತು, ಅಷ್ಟೇ. ಬ್ರೂಡರ್ ಬೇಡ ಅಂದದ್ದಕ್ಕೆ ಅದರ ದುಡ್ಡನ್ನೂ ಕಳೆದರು.